ಐರ್ಲೆಂಡಿನ ಮೇಲ್ಮನೆಯಲ್ಲಿ ದೊಡ್ಡವರು ಯಾರು? ಕುರ್ಚಿಯಲ್ಲಿ ಕೂತವರೋ, ಲೀಡರ್ ಅನ್ನಿಸಿಕೊಂಡವರೋ?

ಓದುಗರ ಪ್ರಶ್ನೆ: ನಾನು ಧಾರವಾಡದವಳು. ಕೆಲಸದ ಮೇಲೆ ಡಬ್ಲಿನ್‌ಗೆ ಬಂದು ಇಲ್ಲೇ ನೆಲೆಸಿದ್ದೇನೆ. ಇಲ್ಲಿನ ಪಾರ್ಲಿಮೆಂಟಿನ ಮೇಲ್ಮನೆ ‘ಶಾನಡ್’ ಬಗ್ಗೆ ಸುದ್ದಿ ಓದುವಾಗ ಗೊಂದಲ ಆಗುತ್ತದೆ. ಒಮ್ಮೆ ‘ಕಾಹಿರ್ಲಖ್’ ಅಂತ ಒಬ್ಬರ ಹೆಸರು ಬರುತ್ತದೆ. ಇನ್ನೊಮ್ಮೆ ‘ಲೀಡರ್ ಆಫ್ ದ ಶಾನಡ್’ ಅಂತ ಬೇರೆಯವರ ಹೆಸರು. ಇಬ್ಬರಲ್ಲಿ ದೊಡ್ಡವರು ಯಾರು? ಈ ಸದಸ್ಯರನ್ನು ಆರಿಸುವವರು ಯಾರು? ನನಗಂತೂ ಮತಚೀಟಿ ಬಂದಿಲ್ಲ, ನನ್ನ ಐರಿಷ್ ಸಹೋದ್ಯೋಗಿಗಳಲ್ಲೂ ಕೆಲವರಿಗೆ ಬಂದಿದೆ, ಕೆಲವರಿಗೆ ಇಲ್ಲ. ನಮ್ಮ ವಿಧಾನ ಪರಿಷತ್ತಿನ ಹಾಗೇನಾ ಇದು?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಮರ್ಯಾದೆಯ ಲೆಕ್ಕದಲ್ಲಿ ಕಾಹಿರ್ಲಖ್ ದೊಡ್ಡವರು. ಅವರು ಸಭಾಪತಿ. ದಿನದ ಕೆಲಸ ಏನು, ಯಾವ ಮಸೂದೆ ಯಾವಾಗ ಬರಬೇಕು ಅನ್ನುವ ಲೆಕ್ಕದಲ್ಲಿ ಲೀಡರ್ ದೊಡ್ಡವರು. ಅವರು ಸಭಾನಾಯಕರು. ಆದರೆ ಇಬ್ಬರಿಗೂ ಮೇಲಿನ ಹಿಡಿತ ಆ ಸದನದ ಹೊರಗಿದೆ. ಅದು ಟೀಶಕ್ ಕೈಯಲ್ಲಿದೆ, ಅಂದರೆ ಪ್ರಧಾನಿಯ ಕೈಯಲ್ಲಿ. ಇದು ಆಕಸ್ಮಿಕ ಅಲ್ಲ. 1937ರ ಸಂವಿಧಾನದಲ್ಲೇ ಹಾಗೆ ಹೊಲಿದಿಟ್ಟಿದ್ದಾರೆ.

ಈಗಿನದು 27ನೇ ಶಾನಡ್. ಅದು ಮೊದಲ ಸಲ ಸೇರಿದ್ದು 2025ರ ಫೆಬ್ರುವರಿ 12ರಂದು. ಹೊಸ ಶಾನಡ್‌ನ ಮೊದಲ ದಿನ ಮೊದಲ ಕೆಲಸವೇ ಸಭಾಪತಿಯ ಆಯ್ಕೆ. ಸದಸ್ಯರು ತಮ್ಮಲ್ಲೇ ಒಬ್ಬರನ್ನು ಆರಿಸುತ್ತಾರೆ. ಆವತ್ತು ಆಯ್ಕೆಯಾದವರು ಮಾರ್ಕ್ ಡೇಲಿ. ಕೆರ್ರಿ ಕೌಂಟಿಯ ಕೆನ್‌ಮೇರ್‌ನವರು, ಫಿಯಾನಾ ಫಾಯ್ಲ್ ಪಕ್ಷ, 2007ರಿಂದ ಸೆನೆಟರ್. 2020ರಿಂದ 2022ರವರೆಗೂ ಅವರೇ ಆ ಕುರ್ಚಿಯಲ್ಲಿದ್ದರು. ಹಾಗಾಗಿ ಇದು ಎರಡನೇ ಸರದಿ. ಲೀಡರ್ ಆಗಿ ಬಂದವರು ಶಾನ್ ಕೈನ್, ಗಾಲ್ವೇ ಕಡೆಯವರು, ಫಿನ ಗೇಲ್ ಪಕ್ಷ. ಇವರನ್ನು ಸದನ ಆರಿಸಿದ್ದಲ್ಲ. ಲೀಡರ್‌ರನ್ನು ನೇಮಿಸುವವರು ಟೀಶಕ್.

ಈ ಎರಡು ಹುದ್ದೆಗಳ ಕೆಲಸ ಹೇಗೆ ಬೇರೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಭಾಪತಿ ಚರ್ಚೆ ನಡೆಸುತ್ತಾರೆ, ಯಾರಿಗೆ ಮಾತಾಡಲು ಎಷ್ಟು ಹೊತ್ತು ಅಂತ ನೋಡುತ್ತಾರೆ, ನಿಯಮ ಮೀರಿದವರನ್ನು ತಡೆಯುತ್ತಾರೆ. ಮತ ಹಾಕುವ ಹಾಗಿಲ್ಲ. ಎರಡೂ ಕಡೆ ಸಮ ಬಂದಾಗ ಮಾತ್ರ ಅವರ ಒಂದು ಮತ ಬೀಳುತ್ತದೆ. ಇಷ್ಟೇ ಆಗಿದ್ದರೆ ನಮ್ಮ ಪರಿಷತ್ತಿನ ಸಭಾಪತಿಗೂ ಇವರಿಗೂ ಅಂತಹ ವ್ಯತ್ಯಾಸ ಇರುತ್ತಿರಲಿಲ್ಲ. ಆದರೆ ಐರ್ಲೆಂಡಿನಲ್ಲಿ ಈ ಕುರ್ಚಿಗೆ ಇನ್ನೊಂದು ಜವಾಬ್ದಾರಿ ಇದೆ. ಅಲ್ಲಿ ಉಪರಾಷ್ಟ್ರಪತಿ ಇಲ್ಲ. ರಾಷ್ಟ್ರಪತಿ ವಿದೇಶಕ್ಕೆ ಹೋದರೆ, ಕಾಯಿಲೆ ಬಿದ್ದರೆ, ಅಥವಾ ಸ್ಥಾನ ಖಾಲಿಯಾದರೆ ಮೂವರ ಆಯೋಗ ಆ ಕೆಲಸ ಮಾಡುತ್ತದೆ. ಮುಖ್ಯ ನ್ಯಾಯಮೂರ್ತಿ, ಕೆಳಮನೆ ಡಾಯ್ಲ್‌ನ ಸ್ಪೀಕರ್, ಮತ್ತು ಶಾನಡ್‌ನ ಸಭಾಪತಿ, ಈ ಮೂವರು. 1997ರ ಸೆಪ್ಟೆಂಬರ್‌ನಲ್ಲಿ ಮೇರಿ ರಾಬಿನ್ಸನ್ ವಿಶ್ವಸಂಸ್ಥೆಯ ಕೆಲಸಕ್ಕೆ ಹೋಗಲು ಅವಧಿಗೆ ಮೊದಲೇ ರಾಷ್ಟ್ರಪತಿ ಸ್ಥಾನ ಬಿಟ್ಟರು. ನವೆಂಬರ್ 11ರಂದು ಮೇರಿ ಮ್ಯಾಕಲೀಸ್ ಬರುವವರೆಗೆ, ಸುಮಾರು ಎರಡು ತಿಂಗಳು, ದೇಶಕ್ಕೆ ಈ ಆಯೋಗವೇ ರಾಷ್ಟ್ರಪತಿ. ಸಭಾಪತಿ ಹುದ್ದೆ ಸುಮ್ನೆ ಅಲಂಕಾರಕ್ಕೆ ಅಂದುಕೊಳ್ಳುವವರು ಇದನ್ನು ಮರೆಯುತ್ತಾರೆ.

ಲೀಡರ್ ಕೆಲಸ ಬೇರೆಯೇ ಥರ. ಸಂವಿಧಾನದಲ್ಲಿ ಅವರ ಹುದ್ದೆಯ ಹೆಸರೇ ಇಲ್ಲ. ಆದರೂ ಕಲಾಪದ ದಿನ ‘ಆರ್ಡರ್ ಆಫ್ ಬಿಸಿನೆಸ್’ ಅಂತ ಒಂದು ಹೊತ್ತು ಇರುತ್ತದೆ. ಇವತ್ತು ಏನೇನು ತೆಗೆದುಕೊಳ್ಳುತ್ತೇವೆ ಅಂತ ಲೀಡರ್ ಮಂಡಿಸುತ್ತಾರೆ. ಆಮೇಲೆ ಸೆನೆಟರ್‌ಗಳು ಒಬ್ಬೊಬ್ಬರಾಗಿ ಎದ್ದು ಊರಿನ ಆಸ್ಪತ್ರೆಯ ಸಮಸ್ಯೆಯಿಂದ ಹಿಡಿದು ಗಾಜಾ ಯುದ್ಧದವರೆಗೆ ಏನು ಬೇಕಾದರೂ ಎತ್ತುತ್ತಾರೆ. ಕೊನೆಯಲ್ಲಿ ಲೀಡರ್ ಎಲ್ಲರಿಗೂ ಉತ್ತರ ಕೊಡಬೇಕು, ಇಲ್ಲವೇ ಸಂಬಂಧಪಟ್ಟ ಮಂತ್ರಿಯನ್ನು ಸದನಕ್ಕೆ ಕರೆಸುತ್ತೇನೆ ಅನ್ನಬೇಕು. ನಮ್ಮ ವಿಧಾನ ಪರಿಷತ್ತಿನಲ್ಲಿ ಸಭಾನಾಯಕರು ಸಾಮಾನ್ಯವಾಗಿ ಮಂತ್ರಿಯೇ ಆಗಿರುತ್ತಾರೆ. ಶಾನಡ್‌ನಲ್ಲಿ ಲೀಡರ್ ಮಂತ್ರಿ ಅಲ್ಲ. ಸರ್ಕಾರದ ಪರವಾಗಿ ಮಾತಾಡಬೇಕು, ಆದರೆ ಸಂಪುಟದಲ್ಲಿ ಜಾಗ ಇಲ್ಲ. ಕಷ್ಟದ ಕೆಲಸ, ಅಲ್ವಾ?

ಇಲ್ಲಿ ಒಂದು ಕುತೂಹಲದ ವಿಷಯ. ಇತ್ತೀಚಿನ ಲೀಡರ್‌ಗಳ ಹೆಸರು ಸಾಲಾಗಿ ನೋಡಿ. 2016ರಲ್ಲಿ ಜೆರ್ರಿ ಬಟಿಮರ್. 2020ರಲ್ಲಿ ರೆಜಿನಾ ಡೊಹರ್ಟಿ. 2022ರ ಡಿಸೆಂಬರ್‌ನಿಂದ ಲೀಸಾ ಚೇಂಬರ್ಸ್. 2025ರಿಂದ ಶಾನ್ ಕೈನ್. ಬಟಿಮರ್ 2016ರ ಚುನಾವಣೆಯಲ್ಲಿ ಕಾರ್ಕ್‌ನಲ್ಲಿ ಡಾಯ್ಲ್ ಸ್ಥಾನ ಕಳೆದುಕೊಂಡಿದ್ದರು. ಉಳಿದ ಮೂವರೂ 2020ರಲ್ಲಿ ತಮ್ಮ ತಮ್ಮ ಕ್ಷೇತ್ರದಲ್ಲಿ ಸೋತವರು. ಇನ್ನೂ ಹಿಂದಕ್ಕೆ ಹೋದರೆ ಮೇರಿ ಓರೂರ್ಕ್. ಮಂತ್ರಿಯಾಗಿದ್ದವರು 2002ರಲ್ಲಿ ಸೋತರು, ಟೀಶಕ್ ಅವರನ್ನು ಶಾನಡ್‌ಗೆ ನೇಮಿಸಿದರು, ಲೀಡರ್ ಆದರು, 2007ರಲ್ಲಿ ಮತ್ತೆ ಗೆದ್ದು ಡಾಯ್ಲ್‌ಗೆ ಮರಳಿದರು. ಬಟಿಮರ್ ಕೂಡ 2024ರ ನವೆಂಬರ್ ಚುನಾವಣೆಯಲ್ಲಿ ಗೆದ್ದು ಡಾಯ್ಲ್‌ಗೆ ವಾಪಸ್ ಹೋದರು.

ಇದನ್ನು ‘ಸೋತವರ ಆಶ್ರಯ’ ಅಂತ ಹೀಯಾಳಿಸುವವರು ಐರ್ಲೆಂಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಆ ಟೀಕೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಮಂತ್ರಿಗಿರಿಯ ಅನುಭವ ಇದ್ದವರು, ಮಸೂದೆಯ ಒಳಸುಳಿ ಗೊತ್ತಿದ್ದವರು ಆ ಕೆಲಸಕ್ಕೆ ಬಂದರೆ ಸದನಕ್ಕೆ ಲಾಭವೇ. ಕೆಟ್ಟದ್ದು ಬೇರೆ ಇದೆ. ಮುಂದಿನ ಚುನಾವಣೆಗೆ ಟಿಕೆಟ್ ಬೇಕಾದವರು ಪಕ್ಷದ ಮಾತು ಮೀರುವುದು ಕಷ್ಟ. ಹಾಗಾಗಿ ಮೇಲ್ಮನೆ ಸರ್ಕಾರವನ್ನು ಗದರಿಸುವ ಸದನ ಆಗುವುದಿಲ್ಲ.

ಇನ್ನೊಂದು ಲೆಕ್ಕ ಗಮನಿಸಿ. 2020ರಲ್ಲಿ ಫಿಯಾನಾ ಫಾಯ್ಲ್, ಫಿನ ಗೇಲ್ ಮತ್ತು ಗ್ರೀನ್ ಪಕ್ಷಗಳು ಸೇರಿ ಸರ್ಕಾರ ಮಾಡಿದವು. ಮೊದಲ ಅರ್ಧ ಫಿಯಾನಾ ಫಾಯ್ಲ್‌ನ ಮೀಹಾಲ್ ಮಾರ್ಟಿನ್ ಟೀಶಕ್. ಆಗ ಸಭಾಪತಿ ಅದೇ ಪಕ್ಷದ ಡೇಲಿ, ಲೀಡರ್ ಫಿನ ಗೇಲ್‌ನ ಡೊಹರ್ಟಿ. 2022ರ ಡಿಸೆಂಬರ್‌ನಲ್ಲಿ ಒಪ್ಪಂದದಂತೆ ಫಿನ ಗೇಲ್‌ನ ಲಿಯೋ ವರಾಡ್ಕರ್ ಟೀಶಕ್ ಆದರು. ಕೂಡಲೇ ಶಾನಡ್‌ನಲ್ಲೂ ಅದಲುಬದಲು. ಸಭಾಪತಿ ಕುರ್ಚಿ ಫಿನ ಗೇಲ್‌ನ ಬಟಿಮರ್‌ಗೆ, ಲೀಡರ್ ಸ್ಥಾನ ಫಿಯಾನಾ ಫಾಯ್ಲ್‌ನ ಚೇಂಬರ್ಸ್‌ಗೆ. 2025ರ ಜನವರಿಯಲ್ಲಿ ಮಾರ್ಟಿನ್ ಮತ್ತೆ ಟೀಶಕ್ ಆದರು. ಮತ್ತೆ ಸಭಾಪತಿ ಅವರ ಪಕ್ಷದವರು, ಲೀಡರ್ ಜೊತೆಗಾರ ಪಕ್ಷದವರು. ಹುದ್ದೆಗಳು ಸಮ್ಮಿಶ್ರ ಸರ್ಕಾರದ ಹಂಚಿಕೆಯಲ್ಲೇ ಬರುತ್ತವೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಈಗಿನ ಒಪ್ಪಂದದ ಪ್ರಕಾರ 2027ರ ನವೆಂಬರ್‌ನಲ್ಲಿ ಟೀಶಕ್ ಸ್ಥಾನ ಫಿನ ಗೇಲ್‌ಗೆ ಹೋಗಬೇಕು. ಆಗ ಶಾನಡ್‌ನ ಕುರ್ಚಿಗಳ ಕಡೆ ಒಂದು ಕಣ್ಣಿಡಿ.

ಈಗ ನಿಮ್ಮ ಎರಡನೇ ಪ್ರಶ್ನೆ: ಈ 60 ಜನರನ್ನು ಆರಿಸುವವರು ಯಾರು?

43 ಜನ ಐದು ‘ಪ್ಯಾನೆಲ್’ಗಳಿಂದ ಬರುತ್ತಾರೆ. ಕೃಷಿ 11, ಕಾರ್ಮಿಕ 11, ಕೈಗಾರಿಕೆ ಮತ್ತು ವಾಣಿಜ್ಯ 9, ಆಡಳಿತ 7, ಸಂಸ್ಕೃತಿ ಮತ್ತು ಶಿಕ್ಷಣ 5. ಆರು ಜನ ವಿಶ್ವವಿದ್ಯಾಲಯಗಳಿಂದ. ಉಳಿದ 11 ಜನರನ್ನು ಟೀಶಕ್ ನೇಮಿಸುತ್ತಾರೆ.

ಪ್ಯಾನೆಲ್ ಹೆಸರು ಕೇಳಿದರೆ ರೈತರು ರೈತರನ್ನು, ಕಾರ್ಮಿಕರು ಕಾರ್ಮಿಕರನ್ನು ಆರಿಸುತ್ತಾರೆ ಅನ್ನಿಸುತ್ತದೆ. 1930ರ ದಶಕದ ಯುರೋಪಿನಲ್ಲಿ ಅಂತಹ ಒಂದು ವಿಚಾರ ಜೋರಾಗಿತ್ತು. 1931ರಲ್ಲಿ ಪೋಪ್ 11ನೇ ಪಯಸ್, ಸಮಾಜವನ್ನು ವರ್ಗಹೋರಾಟದ ಬದಲು ವೃತ್ತಿಗಳ ಮೇಲೆ ಕಟ್ಟಬೇಕು ಅಂತ ಒಂದು ಪತ್ರ ಹೊರಡಿಸಿದ್ದರು. ಕ್ಯಾಥೊಲಿಕ್ ಐರ್ಲೆಂಡಿನಲ್ಲಿ ಅದಕ್ಕೆ ತುಂಬಾ ಬೆಲೆ ಸಿಕ್ಕಿತು. ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ಎಮನ್ ಡಿ ವಲೇರಾ ಅದನ್ನು ಸಂವಿಧಾನಕ್ಕೆ ತಂದರು. ಆದರೆ ಅವರು ಜಾಣ ರಾಜಕಾರಣಿ. ಹೆಸರು ವೃತ್ತಿಗಳದ್ದು ಇಟ್ಟರು. ಮತ ಹಾಕುವವರು ಯಾರು ಅನ್ನುವುದನ್ನು ಕಾನೂನಿಗೆ ಬಿಟ್ಟರು. ಕಾನೂನು ಆ ಮತವನ್ನು ರಾಜಕಾರಣಿಗಳ ಕೈಗೇ ಕೊಟ್ಟಿತು.

ಇವತ್ತು ಆ 43 ಸ್ಥಾನಗಳಿಗೆ ಮತ ಹಾಕುವವರು ಮೂರು ಗುಂಪು: ಹೊಸ ಡಾಯ್ಲ್‌ನ ಸದಸ್ಯರು, ಹಳೆಯ ಶಾನಡ್‌ನ ಸದಸ್ಯರು, ಮತ್ತು ದೇಶದ ಕೌಂಟಿ ಹಾಗೂ ನಗರ ಕೌನ್ಸಿಲರ್‌ಗಳು. ಡಾಯ್ಲ್‌ನಲ್ಲಿ 174, ಶಾನಡ್‌ನಲ್ಲಿ 60, ಕೌನ್ಸಿಲರ್‌ಗಳು 949. ಒಟ್ಟು ಸುಮಾರು 1,200 ಮಂದಿ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೌನ್ಸಿಲರ್‌ಗಳೇ. ಪ್ರತಿಯೊಬ್ಬರಿಗೂ ಐದು ಮತಪತ್ರ, ಪ್ಯಾನೆಲ್‌ಗೆ ಒಂದರಂತೆ. ಪ್ರಾಶಸ್ತ್ಯದ ಮತ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ. ಮತದಾರರು ಇಷ್ಟು ಕಮ್ಮಿ ಇರುವುದರಿಂದ ಎಣಿಕೆಯಲ್ಲಿ ಒಂದೊಂದು ಮತಕ್ಕೆ 1,000 ಅಂತ ಬೆಲೆ ಕಟ್ಟುತ್ತಾರೆ. ಇಲ್ಲದಿದ್ದರೆ ಗೆದ್ದವರ ಹೆಚ್ಚುವರಿ ಮತವನ್ನು ಉಳಿದವರಿಗೆ ವರ್ಗಾಯಿಸುವಾಗ ಚೂರುಪಾರು ಕಳೆದುಹೋಗುತ್ತದೆ.

ಅಭ್ಯರ್ಥಿಗೆ ಆಯಾ ಕ್ಷೇತ್ರದ ‘ತಿಳಿವಳಿಕೆ ಮತ್ತು ಅನುಭವ’ ಇರಬೇಕು ಅಂತ ಸಂವಿಧಾನ ಹೇಳುತ್ತದೆ. ನಾಮಪತ್ರ ಎರಡು ದಾರಿಯಲ್ಲಿ ಬರಬಹುದು. ಕಾರ್ಮಿಕ ಸಂಘಟನೆ, ರೈತ ಸಂಘಟನೆಯಂಥ ನೋಂದಾಯಿತ ಸಂಸ್ಥೆಗಳು ಸೂಚಿಸಬಹುದು. ಇಲ್ಲವೇ ಸಂಸತ್ತಿನ ನಾಲ್ವರು ಸದಸ್ಯರು ಸಹಿ ಮಾಡಿದರೆ ಸಾಕು. ಎರಡೂ ದಾರಿಯಿಂದ ಬಂದವರು ಇಂತಿಷ್ಟು ಜನ ಗೆಲ್ಲಲೇಬೇಕು ಅನ್ನುವ ನಿಯಮವೂ ಇದೆ. ಆದರೆ ಯಾವ ದಾರಿಯಲ್ಲಿ ಬಂದರೂ ಗೆಲ್ಲಿಸುವವರು ಕೌನ್ಸಿಲರ್‌ಗಳು, ಕೌನ್ಸಿಲರ್‌ಗಳಿಗೆ ಪಕ್ಷ ಇದೆ. ಚಳಿಗಾಲದಲ್ಲಿ ಅಭ್ಯರ್ಥಿಗಳು ಡೊನಿಗಾಲ್‌ನಿಂದ ಕಾರ್ಕ್‌ವರೆಗೆ ಕಾರು ಓಡಿಸಿಕೊಂಡು ಕೌನ್ಸಿಲರ್‌ಗಳ ಅಡುಗೆಮನೆಯಲ್ಲಿ ಕೂತು ಟೀ ಕುಡಿದು ಮತ ಕೇಳುತ್ತಾರೆ. ನಮ್ಮಲ್ಲಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ನಿಂತವರು ಗ್ರಾಮ ಪಂಚಾಯಿತಿ ಸದಸ್ಯರ ಮನೆ ಸುತ್ತುವುದನ್ನು ನೀವು ಧಾರವಾಡದಲ್ಲಿ ನೋಡಿರುತ್ತೀರಿ. ಹೆಚ್ಚುಕಮ್ಮಿ ಅದೇ.

ಸ್ಥಾನ ಮಧ್ಯದಲ್ಲಿ ಖಾಲಿಯಾದರೆ ಮತದಾರರ ಪಟ್ಟಿ ಇನ್ನೂ ಕುಗ್ಗುತ್ತದೆ. ಪ್ಯಾನೆಲ್ ಸ್ಥಾನದ ಉಪಚುನಾವಣೆಯಲ್ಲಿ ಕೌನ್ಸಿಲರ್‌ಗಳಿಗೂ ಮತ ಇಲ್ಲ, ಸಂಸತ್ತಿನ ಎರಡು ಸದನದವರಿಗೆ ಮಾತ್ರ. ಆದರೆ ಅದರಿಂದಲೂ ಒಳ್ಳೆಯದು ಬಂದದ್ದಿದೆ. 2018ರಲ್ಲಿ ಉತ್ತರ ಐರ್ಲೆಂಡಿನ ರೈತ, ಯೂನಿಯನಿಸ್ಟ್ (ಬ್ರಿಟನ್ ಜೊತೆಗೇ ಇರಬೇಕು ಅನ್ನುವವರ) ಹಿನ್ನೆಲೆಯ ಇಯನ್ ಮಾರ್ಷಲ್ ಕೃಷಿ ಪ್ಯಾನೆಲ್‌ನ ಉಪಚುನಾವಣೆಯಲ್ಲಿ ಗೆದ್ದು ಬಂದರು. ಬ್ರೆಕ್ಸಿಟ್ ಗಲಾಟೆಯ ನಡುವೆ ಗಡಿಯಾಚೆಯ ಹೊಲದ ಕಷ್ಟ ಡಬ್ಲಿನ್‌ನಲ್ಲಿ ನೇರವಾಗಿ ಕೇಳಿಸಿತು.

ಟೀಶಕ್ ನೇಮಿಸುವ ಆ 11 ಸ್ಥಾನಗಳೇ ಇಡೀ ಯಂತ್ರದ ಕೀಲಿ. ಸಂವಿಧಾನ ಇದಕ್ಕೆ ಯಾವ ಅರ್ಹತೆಯನ್ನೂ ಹೇಳಿಲ್ಲ. 49 ಜನರ ಚುನಾವಣೆಯಲ್ಲಿ ಫಲಿತಾಂಶ ಸ್ವಲ್ಪ ಆಚೀಚೆ ಆದರೂ ಈ 11ರಿಂದ ಸರ್ಕಾರ ಬಹುಮತ ಮಾಡಿಕೊಳ್ಳಬಹುದು. ಹಾಗೆ ಮಾಡಿಕೊಳ್ಳಲೆಂದೇ ಇಟ್ಟಿದ್ದು. ಈ ಲೆಕ್ಕ ತಪ್ಪುವುದು ಯಾವಾಗ ಅಂದರೆ, ಚುನಾವಣೆ ಇಲ್ಲದೆ ಸರ್ಕಾರ ಬದಲಾದಾಗ. 1994ರ ಡಿಸೆಂಬರ್‌ನಲ್ಲಿ ಆಲ್ಬರ್ಟ್ ರೆನಾಲ್ಡ್ಸ್ ಸರ್ಕಾರ ಬಿದ್ದು, ಅದೇ ಡಾಯ್ಲ್‌ನಲ್ಲಿ ಜಾನ್ ಬ್ರೂಟನ್ ಹೊಸ ಮೈತ್ರಿ ಕಟ್ಟಿ ಟೀಶಕ್ ಆದರು. ಆದರೆ ಶಾನಡ್‌ನ 11 ಜನ ರೆನಾಲ್ಡ್ಸ್ ನೇಮಿಸಿದವರು. ಅವರನ್ನು ತೆಗೆಯುವ ಹಾಗಿಲ್ಲ. ಹಾಗಾಗಿ ಆ ಸರ್ಕಾರಕ್ಕೆ ಮೇಲ್ಮನೆಯಲ್ಲಿ ಸ್ವಂತ ಬಹುಮತ ಇರಲಿಲ್ಲ. ಅದೇ ಅವಧಿಯಲ್ಲಿ ಸಭಾಪತಿ ಕುರ್ಚಿಗೂ ಕೆಟ್ಟ ಕಾಲ ಬಂತು. ಶಾನ್ ಫಾಲನ್ 1995ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರ ನಂತರ ಬಂದ ಲಿಯಮ್ ನಾಟನ್ 1996ರಲ್ಲಿ ಕಾರು ಅಪಘಾತದಲ್ಲಿ ಸತ್ತರು. ಒಂದೇ ಶಾನಡ್‌ನಲ್ಲಿ ಮೂವರು ಸಭಾಪತಿಗಳನ್ನು ಕಾಣಬೇಕಾಯಿತು.

2020ರಲ್ಲಿ ಈ 11 ಇನ್ನೊಂದು ಥರ ಕಾಡಿತು. ಮಾರ್ಚ್ ಕೊನೆಗೆ 49 ಸ್ಥಾನಗಳ ಮತದಾನ ಮುಗಿದಿತ್ತು. ಆದರೆ ಹೊಸ ಟೀಶಕ್ ಯಾರು ಅನ್ನುವುದು ಜೂನ್‌ವರೆಗೆ ತೀರ್ಮಾನವಾಗಲಿಲ್ಲ. ನೇಮಕ ಆಗದೆ ಶಾನಡ್ ಸೇರುವ ಹಾಗಿಲ್ಲ. ಕೋವಿಡ್ ಕಾಲ ಬೇರೆ, ತುರ್ತು ಕಾನೂನುಗಳು ಬೇಕಾಗಿದ್ದವು. 49 ಜನರೇ ಸೇರಬಹುದು ಅಂತ ಕೆಲವು ಸೆನೆಟರ್‌ಗಳು ಹೈಕೋರ್ಟ್‌ಗೆ ಹೋದರು. ಕೋರ್ಟ್ ಒಪ್ಪಲಿಲ್ಲ. ಜೂನ್ 27ರಂದು ಮಾರ್ಟಿನ್ ಟೀಶಕ್ ಆಗಿ 11 ಹೆಸರು ಕೊಟ್ಟ ಮೇಲೆ, 29ಕ್ಕೆ ಸದನ ಸೇರಿತು.

ಆದರೂ ಶಾನಡ್‌ಗೆ ಬಂದ ಒಳ್ಳೆಯ ಹೆಸರುಗಳಲ್ಲಿ ಹಲವು ಈ ನೇಮಕದ ದಾರಿಯಲ್ಲೇ ಬಂದವು ಅನ್ನುವುದನ್ನೂ ಹೇಳಬೇಕು. 1982ರಲ್ಲಿ ಉತ್ತರ ಐರ್ಲೆಂಡಿನ ರಾಜಕಾರಣಿ ಶೇಮಸ್ ಮ್ಯಾಲನ್. ಈ ಸದಸ್ಯತ್ವ ಒಪ್ಪಿದ್ದಕ್ಕೆ ಅವರು ಬೆಲ್ಫಾಸ್ಟ್ ಅಸೆಂಬ್ಲಿಯ ಸ್ಥಾನವನ್ನೇ ಕಳೆದುಕೊಂಡರು. 1993ರಲ್ಲಿ ಗೋರ್ಡನ್ ವಿಲ್ಸನ್. 1987ರ ಎನ್ನಿಸ್ಕಿಲನ್ ಬಾಂಬ್ ಸ್ಫೋಟದಲ್ಲಿ ಮಗಳನ್ನು ಕಳೆದುಕೊಂಡು, ಕೊಂದವರ ಮೇಲೆ ದ್ವೇಷ ಇಲ್ಲ ಅಂದ ತಂದೆ. 2016ರಲ್ಲಿ ಶಿಕಾಗೊದಲ್ಲಿ ನೆಲೆಸಿದ್ದ ಬಿಲ್ಲಿ ಲಾಲೆಸ್. 2020ರಲ್ಲಿ ಐಲೀನ್ ಫ್ಲಿನ್, ಅಲೆಮಾರಿ ಹಿನ್ನೆಲೆಯ ಐರಿಷ್ ಟ್ರಾವೆಲರ್ ಸಮುದಾಯದಿಂದ ಸಂಸತ್ತಿಗೆ ಬಂದ ಮೊದಲ ಮಹಿಳೆ. ಇವರಲ್ಲಿ ಎಷ್ಟು ಜನ ನೇರ ಚುನಾವಣೆಯಲ್ಲಿ ಗೆಲ್ಲುತ್ತಿದ್ದರು ಹೇಳಿ?

ವಿಶ್ವವಿದ್ಯಾಲಯಗಳ ಆರು ಸ್ಥಾನಗಳ ಕಥೆ ಇನ್ನೂ ಮಜವಾಗಿದೆ. ನಿಮ್ಮ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಮಾತ್ರ ಮತಚೀಟಿ ಬಂದದ್ದು ಇದರಿಂದಲೇ. ಇಲ್ಲಿಯವರೆಗೆ ಮೂರು ಸ್ಥಾನ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಪದವೀಧರರಿಗೆ, ಮೂರು ನ್ಯಾಷನಲ್ ಯೂನಿವರ್ಸಿಟಿ ಪದವೀಧರರಿಗೆ. ಡಬ್ಲಿನ್ ಸಿಟಿ ಯೂನಿವರ್ಸಿಟಿ, ಲಿಮ್ರಿಕ್ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಮತವೇ ಇರಲಿಲ್ಲ. ಬೇರೆ ಸಂಸ್ಥೆಗಳಿಗೂ ಮತ ವಿಸ್ತರಿಸಲು ಅವಕಾಶ ಕೊಡಿ ಅಂತ 1979ರ ಜುಲೈನಲ್ಲಿ ಜನಮತಗಣನೆ ನಡೆದು, ಶೇ 92ಕ್ಕೂ ಜಾಸ್ತಿ ಜನ ಹೂಂ ಅಂದಿದ್ದರು. ಸರ್ಕಾರಗಳು ಬಂದವು, ಹೋದವು, ಯಾರೂ ಕಾನೂನು ಮಾಡಲಿಲ್ಲ. ಕೊನೆಗೆ ಲಿಮ್ರಿಕ್‌ನ ಪದವೀಧರ ಟೊಮಾಸ್ ಹೆನಗನ್ ಕೋರ್ಟ್ ಮೆಟ್ಟಿಲೇರಿದರು. 2023ರ ಮಾರ್ಚ್ 31ರಂದು ಸುಪ್ರೀಂ ಕೋರ್ಟ್ ಆಗಿನ ಕಾನೂನು ಸಂವಿಧಾನಕ್ಕೆ ವಿರುದ್ಧ ಅಂದಿತು. 44 ವರ್ಷ ಬೇಕಾಯಿತು! 2024ರಲ್ಲಿ ಹೊಸ ಕಾನೂನು ಬಂತು. ಮುಂದಿನ ಶಾನಡ್ ಚುನಾವಣೆಯಿಂದ ಆರೂ ಸ್ಥಾನ ಒಂದೇ ಉನ್ನತ ಶಿಕ್ಷಣ ಕ್ಷೇತ್ರ ಆಗುತ್ತವೆ.

2025ರ ಜನವರಿಯಲ್ಲಿ ನಡೆದದ್ದು ಹಳೆಯ ಪದ್ಧತಿಯ ಕೊನೆಯ ಸಾರ್ವತ್ರಿಕ ಚುನಾವಣೆ. ನ್ಯಾಷನಲ್ ಯೂನಿವರ್ಸಿಟಿಯಿಂದ ಮಾಜಿ ಉಪಪ್ರಧಾನಿ ಮೈಕಲ್ ಮ್ಯಾಕ್‌ಡೊವೆಲ್, ರೋನನ್ ಮುಲನ್, ಆಲಿಸ್-ಮೇರಿ ಹಿಗಿನ್ಸ್ ಗೆದ್ದರು. ಟ್ರಿನಿಟಿಯಿಂದ ಲಿನ್ ರುವಾನ್, ಟಾಮ್ ಕ್ಲೋನನ್, ಆಬ್ರಿ ಮೆಕಾರ್ಥಿ. ಆರೂ ಜನ ಪಕ್ಷೇತರರು. ಪಕ್ಷದ ಹಂಗಿಲ್ಲದೆ ನಿಜವಾಗಿ ಮಾತಾಡುವವರು ಹೆಚ್ಚಾಗಿ ಈ ಸ್ಥಾನಗಳಿಂದ ಬಂದಿದ್ದಾರೆ. ಮೇರಿ ರಾಬಿನ್ಸನ್ 1969ರಿಂದ 20 ವರ್ಷ ಟ್ರಿನಿಟಿಯ ಸೆನೆಟರ್. ಗರ್ಭನಿರೋಧಕಗಳ ಮಾರಾಟಕ್ಕೆ ಅವಕಾಶ ಕೊಡಿ ಅಂತ ಆ ಕಾಲದಲ್ಲೇ ಮಸೂದೆ ತಂದವರು. ಡೇವಿಡ್ ನಾರಿಸ್ 1987ರಿಂದ 2024ರವರೆಗೆ ಇದ್ದರು. ಸಲಿಂಗಕಾಮವನ್ನು ಅಪರಾಧ ಅನ್ನುವ ಕಾನೂನಿನ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 1988ರಲ್ಲಿ ಗೆದ್ದವರು ಇವರೇ. ಗಣ್ಯರ ಕ್ಷೇತ್ರ ಅಂತ ಬೈಸಿಕೊಂಡ ಜಾಗದಿಂದಲೇ ಇಂಥವರು ಬಂದರು ಅನ್ನುವುದು ನನಗೆ ಯಾವಾಗಲೂ ವಿಚಿತ್ರ ಅನ್ನಿಸುತ್ತದೆ.

ಅಧಿಕಾರದ ಮಾತಿಗೆ ಬಂದರೆ ಶಾನಡ್ ಬಡಪಾಯಿ. ಡಾಯ್ಲ್ ಒಪ್ಪಿದ ಮಸೂದೆಯನ್ನು 90 ದಿನ ತಡೆಯಬಹುದು. ಹಣಕಾಸು ಮಸೂದೆ ಆದರೆ 21 ದಿನದಲ್ಲಿ ಸಲಹೆ ಕೊಟ್ಟು ವಾಪಸ್ ಕಳಿಸಬೇಕು. ಇಬ್ಬರು ಸೆನೆಟರ್‌ಗಳನ್ನು ಮಂತ್ರಿ ಮಾಡಬಹುದು ಅಂತ ಸಂವಿಧಾನ ಹೇಳುತ್ತದೆ. ಇಷ್ಟು ವರ್ಷದಲ್ಲಿ ಹಾಗೆ ಆದವರು ಇಬ್ಬರೇ: 1957ರಲ್ಲಿ ಶಾನ್ ಮೊಯ್ಲನ್, 1981ರಲ್ಲಿ ಜೇಮ್ಸ್ ಡೂಜ್. ಡೂಜ್ ಅದಕ್ಕೆ ಮೊದಲು ಸಭಾಪತಿಯೂ ಆಗಿದ್ದರು, ಜಲವಿಜ್ಞಾನದಲ್ಲಿ ಜಗತ್ತಿಗೆ ಗೊತ್ತಿದ್ದ ಹೆಸರು.

ಸರ್ಕಾರದ ಮಸೂದೆಯನ್ನು ಶಾನಡ್ ತಿರಸ್ಕರಿಸಿದ ಪ್ರಸಂಗಗಳೂ ಬೆರಳೆಣಿಕೆ. ಅದರಲ್ಲಿ 1959ರದ್ದು ಹೇಳಲೇಬೇಕು. ಪ್ರಮಾಣಾನುಗುಣ ಪ್ರಾತಿನಿಧ್ಯ (ಬಂದ ಮತಕ್ಕೆ ತಕ್ಕ ಹಾಗೆ ಸ್ಥಾನ ಸಿಗುವ ಪದ್ಧತಿ) ತೆಗೆದುಹಾಕಿ, ನಮ್ಮ ದೇಶದ ಹಾಗೆ ಜಾಸ್ತಿ ಮತ ಬಂದವರು ಗೆಲ್ಲುವ ಪದ್ಧತಿ ತರಲು ಡಿ ವಲೇರಾ ಹೊರಟಿದ್ದರು. ಶಾನಡ್ ಬೇಡ ಅಂದಿತು. ಡಾಯ್ಲ್ ಅದನ್ನು ಬದಿಗೊತ್ತಿ ಜನರ ಮುಂದೆ ಇಟ್ಟಿತು. ಜೂನ್ 17ರಂದು ಒಂದೇ ದಿನ ಎರಡು ಮತದಾನ. ಜನ ಡಿ ವಲೇರಾರನ್ನು ರಾಷ್ಟ್ರಪತಿ ಮಾಡಿದರು, ಅವರ ಪ್ರಸ್ತಾವವನ್ನು ಸೋಲಿಸಿದರು. ಆ ಸಲ ಶಾನಡ್ ಹೇಳಿದ್ದೇ ಜನರ ಮನಸ್ಸಿನ ಮಾತಾಗಿತ್ತು.

ಅದೇ ಡಿ ವಲೇರಾ ಹಿಂದೊಮ್ಮೆ ಮೇಲ್ಮನೆಯನ್ನೇ ಮುಚ್ಚಿದ್ದರು. 1922ರಲ್ಲಿ ಶುರುವಾದ ಮೊದಲ ಸೆನೆಟ್‌ನಲ್ಲಿ ಕವಿ ಡಬ್ಲ್ಯು. ಬಿ. ಯೇಟ್ಸ್ ಇದ್ದರು. ದೇಶದ ನಾಣ್ಯಗಳ ವಿನ್ಯಾಸ ಆರಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಆ ಸೆನೆಟ್ ತಮ್ಮ ಮಸೂದೆಗಳನ್ನು ತಡೆಯುತ್ತಿದೆ ಅಂತ ಡಿ ವಲೇರಾ 1936ರಲ್ಲಿ ಅದನ್ನು ರದ್ದು ಮಾಡಿದರು. ಮರುವರ್ಷವೇ ತಮ್ಮ ಸಂವಿಧಾನದಲ್ಲಿ ಹೊಸದನ್ನು ತಂದರು, ಈ ಸಲ ತಮ್ಮ ಕೈಗೆ 11 ಸ್ಥಾನ ಇಟ್ಟುಕೊಂಡು. ಮುಂದೆ 1969ರಿಂದ 1973ರವರೆಗೆ ಆ ಹೊಸ ಸದನದ ಸಭಾಪತಿಯಾಗಿದ್ದವರು ಯೇಟ್ಸ್ ಮಗ ಮೈಕಲ್, ಅದೂ ಡಿ ವಲೇರಾರ ಪಕ್ಷದಿಂದ!

2013ರಲ್ಲಿ ಆಗಿನ ಟೀಶಕ್ ಎಂಡಾ ಕೆನ್ನಿ ಶಾನಡ್ ಅನ್ನು ಮತ್ತೆ ರದ್ದು ಮಾಡಲು ಜನರ ಮುಂದೆ ಹೋದರು. ರಾಜಕಾರಣಿಗಳು ಕಮ್ಮಿ ಆಗುತ್ತಾರೆ, ದುಡ್ಡು ಉಳಿಯುತ್ತದೆ ಅನ್ನುವುದು ಪ್ರಚಾರ. ಅಕ್ಟೋಬರ್ 4ರಂದು ಮತ ಹಾಕಿದವರು ಶೇ 39 ಮಂದಿ. ಅವರಲ್ಲಿ ಶೇ 51.7 ಬೇಡ ಅಂದರು. ಶಾನಡ್ ಸುಮಾರು 42,500 ಮತಗಳ ಅಂತರದಲ್ಲಿ ಉಳಿಯಿತು. ಆದರೆ ಸುಧಾರಣೆ ಬರಲಿಲ್ಲ. 2015ರಲ್ಲಿ ಮಾರಿಸ್ ಮ್ಯಾನಿಂಗ್ ಸಮಿತಿ ಪ್ಯಾನೆಲ್ ಸ್ಥಾನಗಳಲ್ಲಿ ಹೆಚ್ಚಿನವುಗಳಿಗೆ ಜನರೇ ಮತ ಹಾಕಲಿ ಅಂತ ಸಲಹೆ ಕೊಟ್ಟಿತು. ಅದು ಕಪಾಟಿನಲ್ಲಿದೆ. ಯಾಕೆ ಅಂತ ಕೇಳಿದರೆ, 949 ಕೌನ್ಸಿಲರ್‌ಗಳ ಕೈಯಿಂದ ಮತ ಕಿತ್ತುಕೊಳ್ಳುವ ಧೈರ್ಯ ಯಾವ ಪಕ್ಷಕ್ಕಿದೆ ಅನ್ನುವುದೇ ನನ್ನ ಉತ್ತರ.

ನಮ್ಮ ಪರಿಷತ್ತಿನ ಹಾಗೇನಾ ಅಂದಿರಿ. ಮೇಲ್ನೋಟಕ್ಕೆ ಬಹಳ ಹತ್ತಿರ. ಕರ್ನಾಟಕದ 75ರಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ, 25 ಶಾಸಕರಿಂದ, ಪದವೀಧರರು 7, ಶಿಕ್ಷಕರು 7, ನಾಮನಿರ್ದೇಶನ 11. ಆ 11 ಎರಡೂ ಕಡೆ ಒಂದೇ ಬಂದದ್ದು ಬರೀ ಕಾಕತಾಳೀಯ. ಆದರೆ ಸಂಬಂಧ ನಿಜವಾಗಿಯೂ ಇದೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್ ಜೊತೆಗೆ ಡಬ್ಲಿನ್‌ಗೂ ಹೋಗಿ ಅಲ್ಲಿನವರ ಜೊತೆ ಚರ್ಚಿಸಿ ಬಂದರು. ರಾಜ್ಯಸಭೆಗೆ ಸಾಹಿತ್ಯ, ಕಲೆ, ವಿಜ್ಞಾನ, ಸಮಾಜಸೇವೆಯವರನ್ನು ನೇಮಿಸುವ ಪದ್ಧತಿಗೆ ಐರಿಷ್ ಮಾದರಿಯೇ ಪ್ರೇರಣೆ. 1948ರ ಕರಡಿನಲ್ಲಂತೂ ರಾಜ್ಯಗಳ ಮೇಲ್ಮನೆಗೆ ಐರಿಷ್ ಥರದ ಪ್ಯಾನೆಲ್‌ಗಳೇ ಇದ್ದವು. ಅಂತಿಮ 171ನೇ ವಿಧಿಯಲ್ಲಿ ಅದು ಬಿದ್ದುಹೋಯಿತು. ದೊಡ್ಡ ವ್ಯತ್ಯಾಸ ಇನ್ನೊಂದು: ನಮ್ಮ ಪರಿಷತ್ತು ವಿಸರ್ಜನೆ ಆಗುವುದಿಲ್ಲ, ಸದಸ್ಯರು ಸರದಿಯಲ್ಲಿ ನಿವೃತ್ತರಾಗುತ್ತಾರೆ. ಶಾನಡ್ ಪೂರ್ತಿ ಹೊಸದಾಗಿ ಬರುತ್ತದೆ. ಡಾಯ್ಲ್ ವಿಸರ್ಜನೆಯಾದ 90 ದಿನದೊಳಗೆ ಅದರ ಚುನಾವಣೆ ನಡೆಯಬೇಕು.

ಇನ್ನು ನಿಮ್ಮ ಮತದ ವಿಷಯ. ಐರ್ಲೆಂಡಿನಲ್ಲಿ ವಾಸ ಇರುವವರು ಯಾವ ದೇಶದ ಪೌರರಾದರೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಭಾರತದ ಪಾಸ್‌ಪೋರ್ಟ್ ಇದ್ದರೂ ಅಡ್ಡಿಯಿಲ್ಲ. ಕಳೆದ ಸ್ಥಳೀಯ ಚುನಾವಣೆ 2024ರ ಜೂನ್‌ನಲ್ಲಿ ಆಯಿತು, ಮುಂದಿನದು 2029ಕ್ಕೆ. ನೀವು ಆರಿಸುವ ಕೌನ್ಸಿಲರ್ ಆ 43 ಸೆನೆಟರ್‌ಗಳನ್ನು ಆರಿಸುತ್ತಾರೆ. ಮನೆ ಬಾಗಿಲಿಗೆ ಮತ ಕೇಳಲು ಬಂದಾಗ ಶಾನಡ್‌ಗೆ ಯಾರಿಗೆ ಹಾಕುತ್ತೀರಿ ಅಂತ ಕೇಳಿ ನೋಡಿ, ಅವರೇ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ.

ನೇರ ಮತ ಬೇಕೆಂದರೆ ಎರಡು ಬೇಕು: ಐರಿಷ್ ಪೌರತ್ವ, ಮತ್ತು ಅಲ್ಲಿನ ಮಾನ್ಯ ಸಂಸ್ಥೆಯ ಉನ್ನತ ಶಿಕ್ಷಣದ ಪದವಿ. ಧಾರವಾಡದ ಡಿಗ್ರಿ ನಡೆಯುವುದಿಲ್ಲ. ಅಲ್ಲೇ ಮಾಸ್ಟರ್ಸ್ ಮಾಡಿ ಪೌರತ್ವ ಪಡೆದ ಕನ್ನಡಿಗರಿದ್ದರೆ ಹೆಸರು ನೋಂದಾಯಿಸಿಕೊಳ್ಳಬಹುದು. ಅವರು ಆಮೇಲೆ ಬೆಂಗಳೂರಿಗೆ ವಾಪಸ್ ಬಂದು ನೆಲೆಸಿದರೂ ಮತ ಉಳಿಯುತ್ತದೆ, ಯಾಕೆಂದರೆ ಈ ಕ್ಷೇತ್ರದ ಮತ ಅಂಚೆಯಲ್ಲಿ. ಆದರೆ ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ಒಂದು ಶಾನಡ್ ಮತಕ್ಕಾಗಿ ಯಾರೂ ಹಾಗೆ ಮಾಡುವುದಿಲ್ಲ ಬಿಡಿ.